ಹುಟ್ಟದೇ ಮಾರಾಟವಾದ ಕರೆಂಟು

"ಮುಟ್ಬೇಡಿ ಕಣಮ್ಮೋ! ಪೂಜೆ ಮಾಡಿರೋದು ಅದು!"

ಮನೆಯೊಡತಿ ಅಕ್ಕಯಮ್ಮನ ಕೂಗಿಗೆ ನನ್ನ ಕೈ ಅಲ್ಲೇ ನಿಂತಿತು. ಸ್ವಿಚ್ಚಿನ ಹಿಡಿಗೂ ನನ್ನ ಬೆರಳಿಗೂ ಗೇಣು ದೂರವೂ ಇರಲಿಲ್ಲ.

ಮಾರ್ಚ್ ತಿಂಗಳ ನಡು ಮಧ್ಯಾಹ್ನ. ಅರೆಕೆರೆಯ ಆ ಮೂರಂತಸ್ತಿನ ಮನೆಯ ತಾರಸಿ ತುಂಬ ಸೋಲಾರ್ ಪ್ಯಾನೆಲ್‌ಗಳು. ಕಳೆದ ವಾರ ಇದೇ ತಾರಸಿಯಿಂದ ದೀಪಕ್ ಎಂಬ ಮೀಟರ್ ಇಂಜಿನಿಯರ್ ಹಿಂದಿನ ಓಣಿಗೆ ಬಿದ್ದಿದ್ದ. ಜಯನಗರದ ಆಸ್ಪತ್ರೆಯೊಂದರಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಈ ತಾರಸಿಯನ್ನು ಬಾಡಿಗೆಗೆ ಹಿಡಿದು ಪ್ಯಾನೆಲ್ ಹಾಕಿದ್ದ, ಅವನಿಗೆ ಸಂಬಳವನ್ನೂ ಕೊಡುತ್ತಿದ್ದ ಅಂಶುಮಾಲಿ ಎನರ್ಜಿ ಕಂಪನಿಯವರು ಮಾತ್ರ, ತಾಮ್ರದ ಕೇಬಲ್ ಕದಿಯಲು ಹತ್ತಿದ, ಕಾಲು ಜಾರಿ ಬಿದ್ದ ಎಂದು ಠಾಣೆಗೆ ದೂರು ಬರೆದುಕೊಟ್ಟು ಕೈ ತೊಳೆದುಕೊಂಡಿದ್ದರು.

ಅವನ ಹೆಂಡತಿ ಸೌಮ್ಯ ನನ್ನ ಆಫೀಸಿಗೆ ಬಂದು ಹೇಳಿದ್ದು ಇಷ್ಟೇ. "ಮೇಡಂ, ಅವ್ರು ಉಳೀಬೇಕು. ಉಳಿದ್ಮೇಲೆ ಕಳ್ಳ ಅನ್ನಿಸ್ಕೊಂಡು ಬದುಕಬಾರ್ದು."

ನಾನು ವಾರಿಜಾ. ಇನ್ಶೂರೆನ್ಸ್ ಕಂಪನಿಯಲ್ಲಿದ್ದಾಗ ಜನರ ಸುಳ್ಳು ಕ್ಲೇಮುಗಳನ್ನು ಹಿಡಿದೂ ಹಿಡಿದೂ ನನ್ನ ನಾಲಿಗೆಗೆ ಖಾರ ಹತ್ತಿದೆ. ಈಗ ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಕಾಂಡಿಮೆಂಟ್ಸ್ ಅಂಗಡಿಯ ಮೇಲೆ, ನನ್ನದೇ ಪತ್ತೇದಾರಿ ಕಚೇರಿ ಇದೆ. ಸೌಮ್ಯಳಿಗೆ ಅವತ್ತು ಏನು ಸಮಾಧಾನ ಹೇಳಬೇಕೋ ತಿಳಿಯದೆ, ಒಂದು ಲೋಟ ನೀರು ಕೊಟ್ಟು, "ನೋಡೋಣ" ಅಂದಿದ್ದೆ.

ಈಗ ನೋಡುತ್ತಿದ್ದೆ. ಸ್ವಿಚ್ಚಿನ ಪೆಟ್ಟಿಗೆ ಮೆಟ್ಟಿಲ ಕೋಣೆಯ ಗೋಡೆಗಿತ್ತು, ಮಳೆ ಬಿಸಿಲು ತಾಗದ ಕಡೆ. ಹಿಡಿ ಕೆಳಗಿತ್ತು, ಅಂದರೆ ಆಫ್. ಹಿಡಿಗೆ ಅರಿಶಿನದ ದಾರ ಸುತ್ತಿ ಮಾವಿನ ಎಲೆ ಕಟ್ಟಿದ್ದರು. ಎಲೆ ಒಣಗಿ ಸುರುಟಿಕೊಂಡಿತ್ತು. ಮುಚ್ಚಳದ ಮೇಲೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ.

"ಇದನ್ನ ಯಾವಾಗ ಕಟ್ಟಿದ್ದು ಅಮ್ಮ?"

"ಇನ್ಯಾವಾಗ, ಆಯುಧಪೂಜೆಗೆ! ಮನೇಲಿರೋ ಮಿಷಿನ್ನೆಲ್ಲ ನಿಲ್ಸಿ, ತೊಳ್ದು, ಪೂಜೆ ಮಾಡಲ್ವೇ? ಮಿಕ್ಸಿ, ಬೋರ್‌ವೆಲ್ ಮೋಟ್ರು, ನಮ್ಮ ಮಗ ಶಶಿಧರನ ಕಾರು. ಇದೂ ಮಿಷಿನ್ನೇ ತಾನೆ? ಇದಕ್ಕೂ ಒಂದು ಬೂದುಗುಂಬಳ ಒಡೆಸ್ದೆ."

"ಮಾರನೇ ದಿನ ಆನ್ ಮಾಡ್ಲಿಲ್ವಾ?"

"ನಾನ್ಯಾಕೆ ಮಾಡ್ಲಿ?" ಅಕ್ಕಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಹಾಕ್ವಾಗ್ಲೇ ಕಂಪ್ನಿಯೋರು ಹೇಳವ್ರೆ, ಮನೆಯೋರು ಯಾರೂ ಮುಟ್ಟಂಗಿಲ್ಲ ಅಂತ. ಪೂಜೆಗೆ ಅಂತ ಒಂದ್ಸಲ ಮುಟ್ಟಿದ್ದೇ ಹೆಚ್ಚಾಯ್ತು. ಆನ್ ಮಾಡಕ್ಕೆ ಅವ್ರೇ ಬತ್ತಾರೆ ಅಂದ್ಕೊಂಡೆ."

"ಬಂದ್ರಾ?"

"ಎಲ್ಲಿ ಬಂದ್ರು? ತಾರಸಿ ಬಾಡಿಗೆ ಮಾತ್ರ ತಿಂಗ್ಳಾ ತಿಂಗ್ಳಾ ಬತ್ತೈತೆ. ಸುಳ್ಳು ಹೇಳ್ಬಾರ್ದು."

ನನಗೆ ನಗು ಬಂತು. ಬಗ್ಗಿ ಹಿಡಿಯನ್ನು ಹತ್ತಿರದಿಂದ ನೋಡಿದೆ. ದಾರ ನಿನ್ನೆ ಮೊನ್ನೆ ಕಟ್ಟಿದ್ದಲ್ಲ ಎನ್ನುವುದಕ್ಕೆ ಅಕ್ಕಯಮ್ಮನ ಮಾತೊಂದೇ ಸಾಕ್ಷಿಯಾಗಿರಲಿಲ್ಲ. ಹಿಡಿಗೂ ಪೆಟ್ಟಿಗೆಗೂ ನಡುವೆ ಕಡಜವೊಂದು ಮಣ್ಣಿನ ಗೂಡು ಕಟ್ಟಿ, ಮರಿ ಮಾಡಿ, ತೂತು ಕೊರೆದು ಹಾರಿಯೂ ಹೋಗಿತ್ತು. ಹಿಡಿ ಎತ್ತಿದ್ದರೆ ಆ ಗೂಡು ಪುಡಿಯಾಗಬೇಕಿತ್ತು.

ಅಂದರೆ ನವರಾತ್ರಿಯಿಂದ ಈಚೆಗೆ ಈ ತಾರಸಿಯಲ್ಲಿ ಒಂದು ಬಲ್ಬು ಉರಿಸುವಷ್ಟು ಕರೆಂಟೂ ಹುಟ್ಟಿರಲಿಲ್ಲ. ಆದರೆ ಅಂಶುಮಾಲಿಯ ಲೆಕ್ಕದಲ್ಲಿ ಅಕ್ಕಯಮ್ಮನ ಮನೆ ದಿನಾ ಕರೆಂಟು ಕೊಡುತ್ತಿತ್ತು. ಹಾಗಂತ ದೀಪಕ್ ಬೀಳುವ ಹಿಂದಿನ ದಿನ ಹೆಂಡತಿಯ ಹತ್ತಿರ ಗೊಣಗಿದ್ದ. "ಅರೆಕೆರೆ ಮನೆ ದಿನಾ ಕರೆಂಟು ಕೊಡ್ತಿದೆ ಅಂತ ಲೆಕ್ಕದಲ್ಲಿದೆ, ಏನೋ ಸರಿಯಿಲ್ಲ ಕಣೆ, ಹೋಗಿ ನೋಡ್ಬೇಕು" ಎಂದಿದ್ದನಂತೆ.

ಇದರಲ್ಲಿ ಯಾರಿಗೇನು ಲಾಭ ಎನ್ನುವುದು ನನಗೂ ಮೊದಲು ತಲೆಗೆ ಹತ್ತಿರಲಿಲ್ಲ. ನಮ್ಮ ಮನೆಗಳಿಗೆ ಕರೆಂಟು ಮಾರುವ ಕಂಪನಿಗೆ ರಾಜ್ಯದ ಒಂದು ಕಟ್ಟಳೆ ಇದೆ. ವರ್ಷಕ್ಕೆ ಮಾರುವ ಕರೆಂಟಿನಲ್ಲಿ ಇಂತಿಷ್ಟು ಪಾಲು ಬಿಸಿಲಿನಿಂದಲೋ ಗಾಳಿಯಿಂದಲೋ ಬಂದದ್ದಾಗಿರಬೇಕು. ಕಮ್ಮಿ ಬಿದ್ದರೆ ದಂಡ. ದಂಡ ತಪ್ಪಿಸಿಕೊಳ್ಳಬೇಕಾದರೆ, ಬೇರೆಯವರು ಬಿಸಿಲಿನಿಂದ ಹುಟ್ಟಿಸಿದ್ದರ ಲೆಕ್ಕವನ್ನು ಕೊಂಡು ತನ್ನ ಪಾಲಿಗೆ ಸೇರಿಸಿಕೊಳ್ಳಬಹುದು. ಅದಕ್ಕೆ ಸೋಲಾರ್ ಕ್ರೆಡಿಟ್ ಅಂತ ಹೆಸರು. ಪಕ್ಕದ ಮನೆಯವರ ಏಕಾದಶಿ ಉಪವಾಸದ ಪುಣ್ಯವನ್ನು ದುಡ್ಡು ಕೊಟ್ಟು ಕೊಂಡ ಹಾಗೆ.

ಸರಿ, ಕೊಳ್ಳಲಿ. ಆದರೆ ಪಕ್ಕದ ಮನೆಯವರು ಉಪವಾಸವನ್ನೇ ಮಾಡದೆ, ಹೊಟ್ಟೆ ತುಂಬ ಉಂಡು, ಪುಣ್ಯ ಮಾರುತ್ತಿದ್ದರೆ?

"ಅಮ್ಮ, ನಿಮ್ಮ ಕಡೆಯೋರು ಇನ್ಯಾರ ಮನೇಲಾದ್ರೂ ಈ ಕಂಪನಿ ಪ್ಯಾನೆಲ್ ಇದೆಯಾ?"

"ಐತಲ್ಲ, ನಮ್ಮ ಬೀಗ್ರು ಗೂಳಪ್ಪನ ಮನೆ. ಹೊಸಕೆರೆಹಳ್ಳಿ." ಅಕ್ಕಯಮ್ಮ ಸೊಂಟದಿಂದ ಫೋನು ತೆಗೆದು, ನಾನು ಬೇಡ ಅನ್ನುವಷ್ಟರಲ್ಲಿ ಸ್ಪೀಕರಿಗೆ ಹಾಕಿಯೂ ಆಯಿತು. "ಬೀಗ್ರೇ, ನಿಮ್ಮ ತಾರಸಿ ಮ್ಯಾಲಿನ ಪ್ಯಾನೆಲ್ ಓಡ್ತಾ ಐತಾ?"

"ಯಾವ್ ಪ್ಯಾನೆಲ್ಲು ಅಕ್ಕಯ್ಯಾ?" ಗೂಳಪ್ಪನ ಗಂಟಲು ಇಡೀ ತಾರಸಿಗೆ ಕೇಳಿಸಿತು. "ರಿಪೇರಿ ಅಂತ ಗೌರಿ ಹಬ್ಬಕ್ಕೂ ಮುಂಚೇನೇ ಬಿಚ್ಕೊಂಡು ಹೋದ್ರಲ್ಲ! ಈಗ ಅಲ್ಲಿ ನಮ್ಮ ಸೊಸೆ ಬಟ್ಟೆ ಒಣಗಾಕ್ತಾಳೆ. ಬಾಡಿಗೆ ಬತ್ತಾನೇ ಐತೆ, ನಾನ್ಯಾಕೆ ಬಾಯಿ ಬಿಡ್ಲಿ? ನೀವೂ ಬಿಡ್ಬೇಡಿ."

ನಾನು ಪೆಟ್ಟಿಗೆ, ದಾರ, ಗೂಡು ಎಲ್ಲದರ ಫೋಟೊ ತೆಗೆದುಕೊಂಡೆ. ದೀಪಕ್ ಕೂಡ ಇಲ್ಲೇ ನಿಂತು ಇದೇ ಫೋಟೊ ತೆಗೆದಿರಬೇಕು. ಅವನ ಫೋನು ಮಾತ್ರ ಎಲ್ಲೂ ಸಿಕ್ಕಿರಲಿಲ್ಲ.

"ಅವತ್ತು ಏನಾಯ್ತು ಅಂತ ಇನ್ನೊಂದ್ಸಲ ಹೇಳಿ ಅಮ್ಮ."

"ಎಷ್ಟು ಸಲ ಹೇಳ್ಲಿ ತಾಯಿ, ಹೊಟ್ಟೆ ಉರೀತೈತೆ. ಆ ಹುಡುಗ ಬಂದ. ಅಜ್ಜಿ, ಪ್ಯಾನೆಲ್ ನೋಡ್ಬೇಕು ಅಂದ. ಒಂದು ಲೋಟ ಮಜ್ಜಿಗೆ ಕೊಟ್ಟೆ. ಮ್ಯಾಲೆ ಸಂಡಿಗೆ ಒಣಗಾಕಿದೀನಿ ಕಣಪ್ಪಾ ಅಂದಿದ್ದಕ್ಕೆ ಚಪ್ಲಿ ಕೆಳಗೇ ಬಿಟ್ಟು ಹತ್ತಿದ. ಹೇಳಿ, ಯಾವ ಕಳ್ಳ ಚಪ್ಲಿ ಬಿಟ್ಟು ಕದಿಯಕ್ಕೆ ಹೋಗ್ತಾನೆ?"

"ಆಮೇಲೆ?"

"ನಾನು ರಾಗಿ ಮಿಲ್ಲಿಗೆ ಹೋಗಿ ಬರೋಷ್ಟ್ರಲ್ಲಿ ಮ್ಯಾಲೆ ಮಾತು ಕೇಳ್ತು. ಆ ಹುಡುಗ 'ಇಲ್ಲ, ಅಳ್ಸಲ್ಲ, ಫೋಟೊ ಅಳ್ಸಲ್ಲ' ಅಂತಿದ್ದ. ಕಂಪ್ನಿಯೋರು ಯಾರೋ ಬಂದವ್ರೆ ಅಂದ್ಕೊಂಡು ಹಿಟ್ಟಿನ ಚೀಲ ಇಳಿಸ್ತಿದ್ದೆ. ಆಗ ಧಡ್ ಅಂತು." ಅಕ್ಕಯಮ್ಮನ ಕಣ್ಣು ತುಂಬಿತು. "ನಾನು ಹಿಂದ್ಗಡೆ ಓಣಿಗೆ ಓಡ್ದೆ. ಮ್ಯಾಲಿದ್ದೋರು ಮುಂದ್ಗಡೆಯಿಂದ ಇಳ್ದು ಹೋಗಿರ್ಬೇಕು."

"ಇನ್ನೊಬ್ರ ದನಿ ಹೇಗಿತ್ತು?"

"ಕೇಳಿಸ್ಲೇ ಇಲ್ಲ ತಾಯಿ. ಬಲೇ ಮೆತ್ತಗೆ ಮಾತಾಡೋರಿರ್ಬೇಕು."

ಪ್ಯಾರಾಪೆಟ್ ಗೋಡೆ ನನ್ನ ಸೊಂಟಕ್ಕಿಂತ ಮೇಲೆ ಬರುತ್ತಿತ್ತು. ಅದನ್ನು ದಾಟಿ ಯಾರೂ ಜಾರಿ ಬೀಳುವುದಿಲ್ಲ. ಬಗ್ಗಿ ಏನನ್ನೋ ನೋಡುತ್ತಿರುವಾಗ ಹಿಂದಿನಿಂದ ಯಾರಾದರೂ ಕಾಲು ಹಿಡಿದೆತ್ತಿ ನೂಕಬೇಕು. ಅದಕ್ಕೆ ಹೆಚ್ಚು ಬಲವೂ ಬೇಡ.

ಅಷ್ಟರಲ್ಲಿ ಸೌಮ್ಯಳ ಫೋನು ಬಂತು. ದನಿ ತಗ್ಗಿಸಿದ್ದಳು.

"ಮೇಡಂ, ಇವ್ರನ್ನ ಐಸಿಯುನಿಂದ ವಾರ್ಡಿಗೆ ಹಾಕಿದಾರೆ. ಉಸಿರಾಟ ಚೆನ್ನಾಗಿದೆಯಂತೆ, ಎಚ್ಚರ ಮಾತ್ರ ಆಗಿಲ್ಲ. ಆದ್ರೆ ಬೆಳಿಗ್ಗೆಯಿಂದ ಯಾರೋ ಒಬ್ರು ಎರಡು ಸಲ ಬಂದು ನರ್ಸನ್ನ ಕೇಳಿದ್ರಂತೆ, 'ದೀಪಕ್‌ಗೆ ಎಚ್ಚರ ಆಯ್ತಾ' ಅಂತ. ನನ್ನನ್ನ ಕೇಳ್ಲಿಲ್ಲ. ನರ್ಸನ್ನ ಕೇಳಿದಾರೆ. ನಂಗೆ ಭಯ ಆಗ್ತಿದೆ."

ನನಗೂ ಆಯಿತು. ಹೇಳಿಕೊಳ್ಳಲಿಲ್ಲ.

"ಸೌಮ್ಯ, ಕೇಳು. ಅವನನ್ನ ಅಲ್ಲಿ ಇಡೋದು ಬೇಡ. ನನಗೆ ಗೊತ್ತಿರೋ ಡಾಕ್ಟರು ಒಬ್ರಿದಾರೆ, ಸಂಜೆ ಒಳಗೆ ಬೇರೆ ಕಡೆ ಸಾಗಿಸೋ ಏರ್ಪಾಡು ಮಾಡ್ತೀನಿ. ನಾನೇ ಬರ್ತೀನಿ, ಇಲ್ಲಾ ನನ್ನ ಕಡೆಯೋರನ್ನ ಕಳಿಸ್ತೀನಿ. ಅಲ್ಲೀವರೆಗೂ ಮಂಚದ ಪಕ್ಕದಿಂದ ಏಳ್ಬೇಡ."

"ಎಷ್ಟೊತ್ತಾಗುತ್ತೆ ಮೇಡಂ?"

"ಬೇಗ ಬರ್ತೀನಿ."

ಹೇಳಿದವಳು ನೇರ ಆಸ್ಪತ್ರೆಗೆ ಹೋಗಬೇಕಿತ್ತು. ಹೋಗಲಿಲ್ಲ. ಕೈಗೆ ಸಿಕ್ಕ ಸುಳಿವಿನ ಬಿಸಿ ಆರುವ ಮೊದಲೇ ಒಬ್ಬರ ಮುಖಕ್ಕೆ ಹಿಡಿಯಬೇಕು ಎಂಬ ನನ್ನ ಹಳೇ ಚಪಲ. ಸ್ಕೂಟರು ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಬೆಂದು, ಜೆ.ಪಿ. ನಗರ ದಾಟಿ, ಜಯನಗರ ಏಳನೇ ಬ್ಲಾಕಿನ ಒಂದು ಹಳೇ ಮನೆಯ ಮುಂದೆ ನಿಂತಿತು. ಗೇಟಿನ ಮೇಲೆ ಸೇತುರಾಮ ಎಂಬ ಹೆಸರು, ಕೆಳಗೆ 'ನಿವೃತ್ತ ಮುಖ್ಯ ಇಂಜಿನಿಯರ್'.

ಸೇತುರಾಮ ಅಂಶುಮಾಲಿಯ ನೌಕರರಲ್ಲ. ಪರಿಶೀಲಕರು. ಇಂಥಿಂಥ ತಾರಸಿಯಲ್ಲಿ ಇಷ್ಟಿಷ್ಟು ಕರೆಂಟು ನಿಜವಾಗಿ ಹುಟ್ಟಿದೆ ಎಂದು ಅವರು ಸಹಿ ಹಾಕಿದರೆ ಮಾತ್ರ ಕ್ರೆಡಿಟ್ ಮಾರಾಟವಾಗುತ್ತದೆ. ಮಾರ್ಚ್ ಕೊನೆಗೆ ವರ್ಷದ ಲೆಕ್ಕ ಮುಗಿಯುತ್ತದೆ. ದೊಡ್ಡ ಸಹಿ ಇನ್ನೂ ಬಿದ್ದಿರಲಿಲ್ಲ. ಅದು ಬೀಳುವ ತನಕ ದೀಪಕ್ ಬಾಯಿ ಬಿಡಬಾರದು ಎಂದು ಯಾರೋ ಕಾಯುತ್ತಿದ್ದರು. ಆ ಯಾರೋ ಈ ಮನುಷ್ಯನೇ ಎಂದು ನನ್ನ ಅನುಮಾನ.

"ಬನ್ನಿ ವಾರಿಜಾ ಅವ್ರೇ, ಬನ್ನಿ. ಕಾಫಿ ತಗೋತೀರಷ್ಟೇ? ವಿಮಲಾ, ಮೂರು ಕಾಫಿ!"

ಬಿಳಿ ಪಂಚೆ, ತೋಳಿನ ಬನಿಯನ್ನು, ಮಂಡಿಗೆ ಬೆಲ್ಟು. ನನ್ನ ಅನುಮಾನಕ್ಕೆ ತಕ್ಕ ಮುಖವೇ ಅದಾಗಿರಲಿಲ್ಲ. ಒಳಗಿಂದ ಹೆಂಡತಿ ವಿಮಲಾ ಕಾಫಿ ತಂದರು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಮುಖದ ತುಂಬ ನಗು. ತಟ್ಟೆಯಲ್ಲಿ ಕೋಡುಬಳೆ.

"ಬಿಸಿಲಲ್ಲಿ ಬಂದಿದೀರಿ, ಮೊದಲು ತಿನ್ನಿ. ಕೆಲಸ ಎಲ್ಲಿಗೆ ಓಡಿಹೋಗುತ್ತೆ?"

ಅಮ್ಮನ ನೆನಪಾಗುವಂಥ ದನಿ. ಎರಡು ಕೋಡುಬಳೆ ತಿಂದೆ.

"ಸಾರ್, ಅರೆಕೆರೆ ಅಕ್ಕಯಮ್ಮನ ಮನೆ ಈಗ ಕರೆಂಟ್ ಕೊಡ್ತಿದೆಯಾ?"

ಸೇತುರಾಮ ಕನ್ನಡಕ ಏರಿಸಿ ಫೋನು ಒತ್ತಿದರು. "ಓಹೋ, ಭರ್ಜರಿಯಾಗಿ! ನೋಡಿ, ಗೆರೆ ಹೇಗೆ ಏರಿದೆ. ಮನೇಲಿ ಕೂತೇ ಎಲ್ಲ ಮನೆ ತಾರಸೀನೂ ನೋಡ್ಬಹುದು."

"ಆಯುಧಪೂಜೆ ಮಾರನೇ ದಿನ?"

"ಅದ್ಯಾಕಮ್ಮ?" ಬೆರಳಲ್ಲಿ ಸರಿಸುತ್ತಾ ಹೋದರು. "ಅವತ್ತೂ ಕೊಟ್ಟಿದೆ. ಅದರ ಹಿಂದಿನ ದಿನವೂ ಕೊಟ್ಟಿದೆ. ಸೂರ್ಯನಿಗೆ ಹಬ್ಬದ ರಜಾ ಉಂಟೇ?"

"ಸೂರ್ಯನಿಗಿಲ್ಲ ಸಾರ್. ಅಕ್ಕಯಮ್ಮನ ಸ್ವಿಚ್ಚಿಗಿದೆ. ಅವತ್ತು ಶುರುವಾದ ರಜಾ ಇನ್ನೂ ಮುಗಿದಿಲ್ಲ."

ಫೋಟೊ ಮುಂದಿಟ್ಟೆ. ಅವರು ದಾರ ನೋಡಿದರು, ಎಲೆ ನೋಡಿದರು, ಹಿಡಿ ಯಾವ ಕಡೆಗಿದೆ ಎಂದು ನೋಡಿದರು. ಬಾಯಿಗೆ ಹೋಗುತ್ತಿದ್ದ ಲೋಟ ಮತ್ತೆ ಮೇಜಿಗೆ ಬಂತು.

"ಹೊಸಕೆರೆಹಳ್ಳಿ ಗೂಳಪ್ಪನ ಮನೆ ನೋಡಿ."

ನೋಡಿದರು. ಅಲ್ಲೂ ಗೆರೆ ಏರಿತ್ತು.

"ಅಲ್ಲಿ ಪ್ಯಾನೆಲ್ಲೇ ಇಲ್ಲ ಸಾರ್. ಗೂಳಪ್ಪನ ಸೊಸೆ ಸೀರೆ ಒಣಗಾಕ್ತಾಳೆ. ಸೀರೆಯಿಂದ ಕರೆಂಟ್ ಬರುತ್ತಾ?"

"ಏನ್ರೀ ಮಾತಾಡ್ತಿದೀರಿ?" ಅವರ ದನಿ ಏರಿತು. "ನಾನು ಸರ್ವೀಸಿನಲ್ಲಿ ಒಂದು ಲೋಟ ನೀರು ಪುಕ್ಕಟೆ ಕುಡಿದೋನಲ್ಲ! ಈ ಲೆಕ್ಕ ಸುಳ್ಳು ಅಂದ್ರೆ ಹೇಗೆ? ಮೋಡ ಇದ್ದ ದಿನ ಕಮ್ಮಿ ತೋರಿಸಿದೆ, ಮಳೆ ದಿನ ಇನ್ನೂ ಕಮ್ಮಿ. ಅಷ್ಟು ಕರಾರುವಾಕ್ಕಾಗಿ ಯಾರು ಸುಳ್ಳು ಬರೀತಾರೆ?"

"ಎಷ್ಟು ಸಲ ತಾರಸಿ ಹತ್ತಿ ನೋಡಿದೀರಿ?"

"ಮಂಡಿ ನೋವು…"

"ಒಂದು ಸಲ?"

ಅವರು ಮಂಡಿಯ ಬೆಲ್ಟನ್ನು ಸರಿಮಾಡಿಕೊಂಡರು. ನನಗೆ ರೇಗಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಇದು. ಇವರ ಒಂದು ಸಹಿಗೆ ಇಡೀ ರಾಜ್ಯದ ಕಟ್ಟಳೆ ಜೋತುಬಿದ್ದಿದೆ, ಇವರು ಮೆಟ್ಟಿಲು ಹತ್ತುವುದಿಲ್ಲ! ಆ ರೇಗಿನಲ್ಲೇ, ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿಕೊಳ್ಳುವವರು ಯಾರು ನೋಡೋಣ ಅಂತ, ಒಂದು ಸುಳ್ಳು ಬಿಟ್ಟೆ.

"ನೀವು ಹತ್ತದಿದ್ರೂ ದೀಪಕ್ ಹತ್ತಿದ್ದ. ಅವನಿಗೆ ಬೆಳಿಗ್ಗೆ ಎಚ್ಚರ ಆಗಿದೆ ಸಾರ್. ನನ್ನ ಹತ್ರ ಮಾತಾಡಿದಾನೆ."

ಮುಖವನ್ನೇ ನೋಡುತ್ತಿದ್ದೆ. ಸೇತುರಾಮರ ಮುಖ ಅರಳಿತು. ನಾಟಕವಲ್ಲ, ಎರಡೂ ಕೈ ಎತ್ತಿ ಮುಗಿದರು.

"ಬದುಕಿದನೇ! ನಮ್ಮಪ್ಪ, ಒಳ್ಳೇ ಹುಡುಗ. ಕಳ್ಳ ಅಂದಾಗ್ಲೇ ನನಗೆ ನಂಬಿಕೆ ಬರ್ಲಿಲ್ಲ."

ನನ್ನ ಅನುಮಾನ ಅಲ್ಲೇ ಕುಸಿಯಿತು. ಈ ಮನುಷ್ಯ ಸೋಮಾರಿ, ಜಂಬದವನು, ಆದರೆ ಯಾರನ್ನೂ ನೂಕುವವನಲ್ಲ.

"ಗುರುರಾಯರು ದೊಡ್ಡವರು," ವಿಮಲಾ ಖಾಲಿ ಲೋಟಗಳನ್ನು ಎತ್ತಿಕೊಳ್ಳುತ್ತಾ ಅಂದರು. "ಹೆಂಡತಿ ಒಬ್ಬಳೇ ಇದಾಳಾ ಅಲ್ಲಿ? ಪಾಪ, ಊಟ ತಿಂಡಿಗೆ ಏನು ಮಾಡ್ತಾಳೋ."

"ಒಬ್ಬಳೇ. ಸಂಜೆ ಒಳಗೆ ಅವನನ್ನ ಬೇರೆ ಕಡೆ ಸಾಗಿಸ್ತಿದೀನಿ, ನನ್ನ ಕಡೆಯೋರು ಬರ್ತಾರೆ ಅಂತ ಹೇಳಿದೀನಿ. ಅಲ್ಲೀವರೆಗೂ ಹೇಗೋ ಕಾಯ್ತಾಳೆ."

"ಒಳ್ಳೇದಾಗ್ಲಿ. ನಾನು ರಾಯರ ಮಠಕ್ಕೆ ಹೋಗಿ ಆ ಮಗುವಿನ ಹೆಸರಲ್ಲಿ ಒಂದು ದೀಪ ಹಚ್ಚಿ ಬರ್ತೀನಿ. ನೀವು ಮಾತಾಡ್ತಿರಿ."

ಗೇಟು ಸದ್ದಾಯಿತು. ನಾವು ಮಾತಾಡಿದೆವು. ಸೇತುರಾಮ ಒಂದೊಂದೇ ಮನೆ ತೆಗೆದು ತೋರಿಸಿದರು, ನಾನು ಒಂದೊಂದೇ ಮನೆಗೆ ಫೋನು ಮಾಡಿದೆ. ಹುಳಿಮಾವಿನ ಲಕ್ಷ್ಮಮ್ಮನ ಮನೆಯಲ್ಲೂ ಪೂಜೆಗೆ ಆಫ್ ಮಾಡಿದ್ದು ಹಾಗೇ ಇತ್ತು. "ನೀವು ಆನ್ ಮಾಡ್ತೀರಾ ಬಂದು?" ಅಂತ ನನ್ನನ್ನೇ ಕೇಳಿದರು. ಇನ್ನೊಂದು ಮನೆ ಕೆಡವಿ ಅಪಾರ್ಟ್‌ಮೆಂಟ್ ಏಳುತ್ತಿತ್ತು. ಎಲ್ಲ ಕಡೆಯೂ ಆ ಫೋನಿನ ಪರದೆಯಲ್ಲಿ ಸೂರ್ಯ ಧಾರಾಳವಾಗಿ ಕರೆಂಟು ಕೊಡುತ್ತಿದ್ದ.

ಮುದುಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನ್ನ ಕೋಪ ಇಳಿದಿತ್ತು.

"ಸಾರ್, ಈ ಲೆಕ್ಕ ನಿಮಗೆ ಕಳಿಸೋರು ಯಾರು?"

"ಅಂಶುಮಾಲಿ ಆಫೀಸಿಂದ ಬರುತ್ತೆ."

"ಅಂಶುಮಾಲಿ ಯಾರದ್ದು?"

"ಆಶ್ರಿತ್ ಅಂತ ಒಬ್ಬ ಹುಡುಗನ ಹೆಸರಲ್ಲಿದೆ."

"ಅವನೆಲ್ಲಿ ಸಿಗ್ತಾನೆ?"

"ಹುಬ್ಬಳ್ಳಿಯಲ್ಲಿ." ಅವರು ನನ್ನ ಕಣ್ಣು ತಪ್ಪಿಸಿದರು. "ಅಲ್ಲಿ ಡೆಂಟಿಸ್ಟು."

"ಹಲ್ಲು ಕೀಳೋ ಡಾಕ್ಟರು ಬೆಂಗಳೂರಲ್ಲಿ ಸೋಲಾರ್ ಕಂಪನಿ ನಡೆಸ್ತಾನಾ?"

"ಅವನಿಗೇನು ಗೊತ್ತಮ್ಮ. ಕೇಳಿದ ಕಡೆ ಸಹಿ ಹಾಕ್ತಾನೆ."

"ಕೇಳೋರು ಯಾರು ಸಾರ್? ಆ ಹುಡುಗ ನಿಮಗೇನಾಗ್ಬೇಕು?"

ಅವರು ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು. ಪರಿಶೀಲಕರಿಗೂ ಕಂಪನಿಗೂ ಯಾವ ನೆಂಟಸ್ತನವೂ ಇರಕೂಡದು ಎಂಬ ನಿಯಮ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

"ನಮ್ಮ ಮನೆಯವಳ ತಮ್ಮನ ಮಗ," ಎಂದರು ಕೊನೆಗೆ. "ಹೊತ್ತು ಹೋಗ್ಬೇಕಲ್ಲ, ರಿಟೈರ್ ಆದ್ಮೇಲೆ ಒಂದು ಸಣ್ಣ ಕಂಪನಿ ಮಾಡ್ತೀನಿ ಅಂದ್ಲು ವಿಮಲಾ. ಕಾಲೇಜಲ್ಲಿ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡ್ತಿದ್ಲು, ಲೆಕ್ಕದಲ್ಲಿ ಬಲು ಚುರುಕು. ನಮ್ಮಿಬ್ಬರ ಹೆಸರೂ ಇರಕೂಡದು ಅಂತ ಆಶ್ರಿತ್‌ದು ಹಾಕಿದ್ವಿ. ಲೆಕ್ಕ ಎಲ್ಲ ಅವಳೇ ಕಳಿಸ್ತಾಳೆ. ನಾನು ಕೇಳಲಿಲ್ಲಮ್ಮ. ಮನೆ ನಡೆಸೋಳು ಅವಳು, ಹೇಳಿದ ಕಡೆ ಸಹಿ ಹಾಕೋನು ನಾನು."

ಮೋಡದ ದಿನಕ್ಕೆ ಮೋಡದ ಲೆಕ್ಕ, ಮಳೆಯ ದಿನಕ್ಕೆ ಮಳೆಯ ಲೆಕ್ಕ. ಎಲ್ಲವನ್ನೂ ಯೋಚಿಸಿದ ಹೆಂಗಸು, ಅರೆಕೆರೆಯ ಒಬ್ಬ ಅಕ್ಕಯಮ್ಮ ಸೋಲಾರ್ ಸ್ವಿಚ್ಚಿಗೂ ಕುಂಕುಮ ಇಟ್ಟು ವಿಶ್ರಾಂತಿ ಕೊಡುತ್ತಾರೆ ಎಂದು ಮಾತ್ರ ಯೋಚಿಸಲಿಲ್ಲ.

"ಯಾವ ಮಠಕ್ಕೆ ಹೋಗಿದಾರೆ ಅವ್ರು?" ನಾನು ಎದ್ದು ನಿಂತೆ.

"ಐದನೇ ಬ್ಲಾಕಿಂದು. ಆದ್ರೆ…" ಸೇತುರಾಮ ಗಡಿಯಾರ ನೋಡಿದರು. "ಈ ಹೊತ್ತಲ್ಲಿ ಬಾಗಿಲು ಹಾಕಿರುತ್ತಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಚ್ಚರವೇ ಆಗದವನಿಗೆ ಎಚ್ಚರ ಆಗಿದೆ ಅಂದೆ. ಸೌಮ್ಯ ಒಬ್ಬಳೇ ಇದ್ದಾಳೆ ಅಂದೆ. ನನ್ನ ಕಡೆಯವರು ಬರುತ್ತಾರೆ ಎಂದು ಅವಳು ಕಾಯುತ್ತಿದ್ದಾಳೆ ಎಂಬುದನ್ನೂ ನಾನೇ, ಈ ಬಾಯಿಂದಲೇ, ಕೋಡುಬಳೆ ತಿಂದು ಹೇಳಿದ್ದೆ. ಥೂ ನನ್ನ ನಾಲಿಗೆಗೆ!

ಗೇಟಿನ ಕಡೆ ಓಡುತ್ತಲೇ ಸೌಮ್ಯಳಿಗೆ ಫೋನು ಮಾಡಿದೆ. ರಿಂಗಾಯಿತು. ಎತ್ತಲಿಲ್ಲ. ಮತ್ತೆ ಮಾಡಿದೆ. ಸ್ಕೂಟರಿನ ಕೀಲಿ ತೂತಿಗೆ ಹೋಗದೆ ಕೈಯಿಂದ ಜಾರಿ ಬಿತ್ತು. ದೇವರೇ, ಎತ್ತು, ಎತ್ತು ಮಗು.

ಎತ್ತಿದಳು. ಹಿಂದೆ ಆಟೋ ಸದ್ದು, ಹಾರ್ನು. ಇಷ್ಟು ದಿನದಲ್ಲಿ ಮೊದಲ ಸಲ ಅವಳ ದನಿ ಹಗುರವಾಗಿತ್ತು.

"ಮೇಡಂ! ನಾನೇ ಮಾಡೋಣ ಅಂತಿದ್ದೆ. ತುಂಬಾ ಉಪಕಾರ ಆಯ್ತು ಮೇಡಂ, ಇಷ್ಟು ಬೇಗ ಕಳಿಸ್ತೀರಾ ಅಂತ ಅಂದ್ಕೊಂಡಿರ್ಲಿಲ್ಲ."

"ಯಾರನ್ನ ಸೌಮ್ಯ? ಯಾರು ಬಂದಿದ್ರು?"

"ನಿಮ್ಮಕ್ಕ! ವಾರಿಜಾ ನನ್ನ ತಂಗಿ, ಅವಳೇ ಕಳ್ಸಿದ್ದು ಅಂದ್ರು. ಎಷ್ಟು ಒಳ್ಳೇವ್ರು ಮೇಡಂ, ನಂಗೆ ಅಂತ ಮೊಸರನ್ನ ಬೇರೆ ಕಟ್ಕೊಂಡು ಬಂದಿದ್ರು. ಬಿಲ್ಲೆಲ್ಲ ಅವ್ರೇ ಕಟ್ಟಿ, ನನ್ನ ಸಹಿ ಹಾಕಿಸಿ, ಆಂಬುಲೆನ್ಸಲ್ಲಿ ಇವ್ರ ಪಕ್ಕ ತಾವೇ ಕೂತ್ರು. ಒಬ್ರಿಗೇ ಜಾಗ ಅಂದ್ರು, ಅದಕ್ಕೆ ನಾನು ಆಟೋದಲ್ಲಿ ಹಿಂದೆ ಬರ್ತಿದೀನಿ."

"ಆಂಬುಲೆನ್ಸ್ ಕಾಣಿಸ್ತಿದೆಯಾ? ಸೌಮ್ಯ, ಮುಂದೆ ಆಂಬುಲೆನ್ಸ್ ಕಾಣಿಸ್ತಿದೆಯಾ ಹೇಳು!"

"ಇಲ್ಲ ಮೇಡಂ, ಬನಶಂಕರಿ ಸಿಗ್ನಲ್ ಹತ್ರ ನಮ್ಮ ಆಟೋ ನಿಂತ್ಕೊಳ್ತು, ಅದು ಮುಂದೆ ಹೋಗ್ಬಿಡ್ತು. ಪರವಾಗಿಲ್ಲ ಬಿಡಿ. ಯಾವ ಆಸ್ಪತ್ರೆ ಅಂತ ಕೇಳೋದೇ ಮರೆತ್ಬಿಟ್ಟೆ, ಡ್ರೈವರಣ್ಣ ಕೇಳ್ತಾ ಇದಾರೆ. ನಿಮಗೆ ಗೊತ್ತಲ್ವಾ ಮೇಡಂ?"